ಬೇರಿನ ಪಾಠ ನಡೆದಿದೆ

"ಸರಿ, ಏನಾದ್ರೂ ಕೇಳೋದಿದ್ರೆ ಕೇಳಿ," ಎಂದು ಅವಳು ಎಂದಿನಂತೆ ಹೇಳಿದಳು. ಎಂದಿನಂತೆ ಯಾರೂ ಏನೂ ಕೇಳಲಿಲ್ಲ. ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಪಾಠ ಮುಗಿಸುವ ಕೆಂಪು ಗುಂಡಿಯ ಕಡೆ ಕೈ ಒಯ್ದಾಗ, ಸ್ಕ್ರೀನಿನ ಮೂಲೆಯಲ್ಲಿ ಮೈಕಿನ ಪುಟ್ಟ ಚಿತ್ರದ ಮೇಲೆ ಅಡ್ಡಗೆರೆ ಬಿದ್ದಿರುವುದು ಕಂಡಿತು. ಈಗಷ್ಟೇ ಕೈ ತಾಗಿರಬೇಕು ಎಂದುಕೊಂಡಳು. ಆಮೇಲೆ ನೆನಪಾಯಿತು. ಪಾಠ ಶುರುಮಾಡುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಅತ್ತೆ ಸ್ಟೀಲ್ ಡಬ್ಬಿಯ ಮುಚ್ಚಳ ಬೀಳಿಸಿದ್ದರು. ಅದು ನೆಲದ ಮೇಲೆ ಗಿರಗಿರನೆ ತಿರುಗುವ ಸದ್ದು ಹುಡುಗರಿಗೆ ಕೇಳದಿರಲಿ ಎಂದು ಅವಳೇ ಮೈಕ್ ಬಂದ್ ಮಾಡಿದ್ದಳು. ಮುಚ್ಚಳ ತಿರುಗಿ ತಿರುಗಿ ನಿಂತಿತ್ತು. ಮೈಕ್ ತೆರೆಯುವುದನ್ನು ಮರೆತಿದ್ದಳು. ಅಂದರೆ ಇಷ್ಟು ಹೊತ್ತೂ, ಮೊದಲ ನಮಸ್ಕಾರದಿಂದ ಹಿಡಿದು 'ಕೇಳೋದಿದ್ರೆ ಕೇಳಿ' ಎನ್ನುವವರೆಗೆ, ಅವಳು ಬರೀ ಬಾಯಿ ಆಡಿಸಿದ್ದಳು.

ಇವತ್ತೇ ಆಗಬೇಕಿತ್ತೇ ಇದು! ಬೇರೆ ಯಾವ ದಿನ ಆಗಿದ್ದರೂ ಅವಳು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಒಪ್ಪಿಸಿ ಕೈ ತೊಳೆದುಕೊಂಡ ದಿನಗಳು ಬೇಕಾದಷ್ಟಿದ್ದವು. ಇವತ್ತು ಬೇರಿನ ಪಾಠ. ಗಾಜಿನ ಲೋಟದೊಳಗೆ ಒದ್ದೆ ಬಟ್ಟೆ ಸುತ್ತಿ, ಗಾಜಿಗೂ ಬಟ್ಟೆಗೂ ನಡುವೆ ಕಾಳು ಸಿಕ್ಕಿಸಿ, ಅವು ಮೊಳೆತು ಬೇರು ಬಿಡುವ ತನಕ ಹಸುಗೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದಳು. ಇವತ್ತು ಲೋಟವನ್ನು ಕ್ಯಾಮೆರಾದ ಮುಂದೆ ಹಿಡಿದು, ನೋಡಿ, ಕಾಂಡಕ್ಕೆ ಬೆಳಕು ಬೇಕು, ಇದಕ್ಕೆ ಬೇಡ, ಇದು ಕತ್ತಲಲ್ಲೇ ತಡವರಿಸಿಕೊಂಡು ಹೋಗತ್ತೆ, ಕಲ್ಲು ಅಡ್ಡ ಬಂದ್ರೆ ಪಕ್ಕಕ್ಕೆ ಸರಿದು ಮತ್ತೆ ಕೆಳಗೇ ಹೊರಡತ್ತೆ, ಹಟಮಾರಿ ಇದು, ಇದರ ತುದಿಗೆ ಒಂದು ಟೋಪಿ ಇರತ್ತೆ, ಮಣ್ಣು ತರಚದಿರಲಿ ಅಂತ, ಎನ್ನುವಾಗ ಅವಳಿಗೇ ಮೈ ಜುಮ್ಮೆಂದಿತ್ತು. ಪುಸ್ತಕ ಮುಚ್ಚಿಟ್ಟಿದ್ದಳು. ಆರು ವರ್ಷದಿಂದ ಅವಳು ದೂರಶಿಕ್ಷಣದ ಆನ್‌ಲೈನ್ ತರಗತಿಗಳಿಗೆ ಅರೆಕಾಲಿಕ ಉಪನ್ಯಾಸಕಿ; ಪ್ರತಿ ಅವಧಿ ಮುಗಿದಾಗಲೂ ಕೆಲಸ ಕಾಯಂ ಮಾಡುವ ಮಾತಿಗೆ 'ಮುಂದಿನದಕ್ಕೆ ನೋಡೋಣ' ಎಂದು ಕೇಳಿಸಿಕೊಂಡವಳು; ತಾನು ಪಾಠ ಮಾಡುವ ಕಾಲೇಜಿನ ಗೇಟು ಯಾವ ಬಣ್ಣದ್ದು ಎಂದು ಕೂಡ ಅರಿಯದವಳು. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಿಂದೆ ಮಂಚ ಕಾಣದ ಹಾಗೆ ಬೆಡ್‌ಶೀಟ್ ಕಟ್ಟಿಕೊಂಡು, ಅಂಥ ಪಾಠ ಇವತ್ತು ಮೊದಲ ಸಲ ಮಾಡಿದ್ದಳು. ಅದು ಗಾಳಿಗೆ ಹೋಯಿತು.

ಮೊದಲು ನಾಚಿಕೆ. ಕಿವಿಯ ತುದಿಯವರೆಗೂ ಬಿಸಿಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು, ನಾಚಿಕೆಯನ್ನು ಪಕ್ಕಕ್ಕೆ ತಳ್ಳಿ ಅದೇ ಕುರ್ಚಿಯಲ್ಲಿ ಕೂತಿತು. ನಲವತ್ತು ಚಿಲ್ಲರೆ ಜನ ಇದ್ದರಲ್ಲ! ಒಬ್ಬರಿಗಾದರೂ ಹೇಳಬೇಕು ಅನಿಸಲಿಲ್ಲವೇ? ಮೂಕಿ ಹಾಗೆ ಬಾಯಿ ಬಡಿದುಕೊಳ್ಳುವುದನ್ನು ನೋಡುತ್ತ ಕೂತರೇ? ನೋಡುತ್ತ ಎಲ್ಲಿ ಬಂತು, ಲಾಗಿನ್ ಆಗಿ ಹೊದ್ದು ಮಲಗಿರುತ್ತಾರೆ. ಅವರ ಮುಖ ಅವಳು ಒಂದು ದಿನವೂ ನೋಡಿದವಳಲ್ಲ. ಎಲ್ಲರೂ ಕಪ್ಪು ಚೌಕಗಳು. ಕೆಲವು ಚೌಕಗಳಲ್ಲಿ ಒಂದು ಅಕ್ಷರ, ಕೆಲವರದು ಒಂದು ಚಿತ್ರ: ಒಂದು ಬೆಕ್ಕು, ಒಂದು ಮೋಟರ್ ಬೈಕು, ಮುಳುಗುವ ಸೂರ್ಯನೇ ಮೂವರದು. ಮೊದಮೊದಲು ಆ ಚೌಕಗಳ ಸಾಲನ್ನೇ ನೋಡಿಕೊಂಡು ಪಾಠ ಮಾಡುತ್ತಿದ್ದಳು. ಬಾಗಿಲು ಹಾಕಿದ ಮನೆಗಳ ಬೀದಿಯಲ್ಲಿ ನಿಂತು ಕೂಗಿದಂತಾಗುತ್ತಿತ್ತು. ಒಂದು ದಿನ ಹಳೇ ಕ್ಯಾಲೆಂಡರಿನಿಂದ ಒಂದು ಎತ್ತರದ ಮರದ ಚಿತ್ರವನ್ನು ಉದ್ದಕ್ಕೆ ಕತ್ತರಿಸಿ, ಚೌಕಗಳು ಬರುವ ಬಲಗಡೆಯ ಪಟ್ಟಿಯ ಮೇಲೆ ಟೇಪು ಹಚ್ಚಿ ಅಂಟಿಸಿಬಿಟ್ಟಳು. ಅಂದಿನಿಂದ ಮರಕ್ಕೆ ಪಾಠ. ಮರ ಎಷ್ಟೋ ವಾಸಿ, ಆಕಳಿಸುವುದಿಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡು ನಕ್ಕಿದ್ದಳು.

ಸಿಟ್ಟು ಇಳಿಯುವುದಕ್ಕೆ ಮುಂಚೆಯೇ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದಳು. ಸಾಮಾನ್ಯವಾಗಿ ಅವರಿಗೆ ಫೋನ್ ಮಾಡಬೇಕಾದರೆ ಮೊದಲು ಗಂಟಲು ಸರಿಮಾಡಿಕೊಂಡು, ಹೇಳಬೇಕಾದ್ದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದಳು. ಇವತ್ತು ಸೀದಾ ಹೇಳಿದಳು. ಪೂರ್ತಿ ಪಾಠ ಮೈಕ್ ಇಲ್ಲದೆ ಆಯ್ತು ಸಾರ್, ಒಬ್ಬರಾದ್ರೂ ಉಸಿರೆತ್ತಲಿಲ್ಲ ಸಾರ್.

ಅವರು ಬೈಯುತ್ತಾರೆ ಎಂದುಕೊಂಡಿದ್ದಳು. ಅವರ ದನಿಯಲ್ಲಿ ಖುಷಿ ಇತ್ತು. "ಒಳ್ಳೇದೇ ಆಯ್ತಮ್ಮ! ನಾನು ಬಡ್ಕೋತಾ ಇದ್ದೆ, ಹಾಜರಿಗೋಸ್ಕರ ಲಾಗಿನ್ ಆಗ್ತಾರೆ ಅಷ್ಟೇ ಅಂತ. ಈಗ ರೆಕಾರ್ಡಿಂಗೇ ಸಾಕ್ಷಿ. ಈ ಬ್ಯಾಚಿನ ಇಡೀ ಅವಧಿಯ ಹಾಜರಿ ರದ್ದು. ಒಬ್ಬರನ್ನೂ ಪರೀಕ್ಷೆಗೆ ಕೂರಿಸಲ್ಲ. ಬುದ್ಧಿ ಬರಲಿ. ಏನಂತೀರಾ?"

"ಮಾಡಿ ಸಾರ್," ಎಂದಳು. ಫೋನ್ ಇಟ್ಟ ಮೇಲೂ ಆ ಎರಡು ಮಾತು ಬಾಯಲ್ಲಿ ರುಚಿಯಾಗಿಯೇ ಉಳಿದಿತ್ತು. ತಪ್ಪೇನು? ಅವಳ ಮುಖಕ್ಕೆ ಹೊಡೆದ ಹಾಗೆ ಸುಮ್ಮನಿದ್ದವರು ಅವರು.

ಅಡುಗೆಮನೆಗೆ ಹೋದರೆ ಅತ್ತೆ ಕುಕ್ಕರಿನ ವೇಟು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಪಾಠ ಮುಗಿಯುವ ತನಕ ಕುಕ್ಕರ್ ಕೂಗುವಂತಿಲ್ಲ, ಮಿಕ್ಸಿ ತಿರುಗುವಂತಿಲ್ಲ, ನಲ್ಲಿ ಜೋರಾಗಿ ಬಿಡುವಂತಿಲ್ಲ. ಅತ್ತೆಗೆ ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳಬೇಕು. ಇವೆಲ್ಲ ಅವಳೇ ಮಾಡಿದ ಕಾನೂನು. ಅತ್ತೆ ಒಂದು ದಿನವೂ ಎದುರಾಡಿದವರಲ್ಲ, ಕೈಸನ್ನೆಯಲ್ಲೇ ಮನೆ ನಡೆಸುವುದನ್ನು ಕಲಿತುಬಿಟ್ಟಿದ್ದರು. "ಮುಗೀತಾ? ಹಾಕ್ಲಾ ಈಗ?" ಎಂದು ವೇಟು ತೋರಿಸಿ, ಅವಳು ತಲೆ ಆಡಿಸಿದ ಮೇಲೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, "ಅಲ್ಲ ಕಣೇ, ಆ ಬೇರಿಗೆ ನಿಜವಾಗ್ಲೂ ಟೋಪಿ ಇರತ್ತಾ?" ಎಂದರು.

ಅವಳು ಗೋಡೆಗೆ ಒರಗಿದಳು. "ನಿಮಗೆ ಕೇಳಿಸ್ತಾ ಅತ್ತೆ?"

"ಕೇಳದೆ ಏನು, ಒಂದು ಗೋಡೆ ಆಚೆ. ದಿನಾ ಕೇಳ್ತೀನಪ್ಪ. ಬೇರೆ ದಿನ ನಿದ್ದೆ ಬರತ್ತೆ, ಬೇಜಾರು ಮಾಡ್ಕೋಬೇಡ. ಇವತ್ತು ಮಾತ್ರ ಬಲು ಚೆನ್ನಾಗಿ ಹೇಳಿದೆ. ಕಲ್ಲು ಸಿಕ್ಕಿದ್ರೆ ಪಕ್ಕಕ್ಕೆ ಸರಿದು ಮತ್ತೆ ಕೆಳಗೇ ಹೋಗತ್ತೆ ಅಂದ್ಯಲ್ಲ, ನಾನು ಸೊಪ್ಪು ಬಿಡಿಸೋದು ಬಿಟ್ಟು ಕೂತ್ಕೊಂಡೆ." ಅಳು ಬಂತು ಅವಳಿಗೆ. ಹಾಳಾದ್ದು, ಹೊಗಳಿದರೆ ಮಾತ್ರ ಬರುವ ಅಳು. ಹಾಗಾದರೆ ಪಾಠ ಗಾಳಿಗೆ ಹೋಗಿರಲಿಲ್ಲ. ಕೇಳಿದವರು ಒಬ್ಬರು ಇದ್ದರು.

ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬಹಳ ತಗ್ಗಿದ ದನಿ. "ಮೇಡಂ, ನಾನು ಬೆಕ್ಕಿನ ಚಿತ್ರದವಳು. ಕ್ಲಾಸ್ ಲೀಡರ್." ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕೋಣೆಯೊಳಗೆ ನಿಂತು ಮಾತಾಡುತ್ತಿದ್ದಳು, ಹೊರಗೆ ಯಾರೋ ಅಳತೆ ಕೂಗುತ್ತಿದ್ದರು. "ಆಫೀಸಿಂದ ಮೆಸೇಜ್ ಬಂತು ಮೇಡಂ, ನಮ್ಮನ್ನ ಪರೀಕ್ಷೆಗೆ ಕೂರಿಸಲ್ವಂತೆ. ನೀವು ಮಾತಾಡೋದು ಕೇಳಿಸ್ಲಿಲ್ಲ ಅಂತ ನಾವು ಹೇಳಲಿಲ್ವಂತೆ."

"ಹೇಳಿದ್ರಾ ಮತ್ತೆ?" ಅವಳ ದನಿ ಚುರುಕಾಗಿಯೇ ಇತ್ತು.

"ಹೆಂಗೆ ಹೇಳೋದು ಮೇಡಂ? ನಮ್ಮ ಮೈಕ್ ಎಲ್ಲ ನೀವೇ ಲಾಕ್ ಮಾಡಿರ್ತೀರ. ಚಾಟೂ ಇಲ್ಲ. ಕೈ ಎತ್ತಿದ್ವಿ. ಎಲ್ಲರೂ ಎತ್ತಿದ್ವಿ. ಕೊನೇ ತನಕ ಎತ್ತೇ ಇದ್ವಿ. ನಿಮ್ಮ ನಂಬರ್ ಆಗ ನನ್ನ ಹತ್ರ ಇರಲಿಲ್ಲ. ಕಾಲೇಜಿಗೂ ಫೋನ್ ಮಾಡಿದೆ, ಯಾರೂ ತೆಗೀಲಿಲ್ಲ. ಫೋಟೋ ಕಳಿಸ್ತೀನಿ, ನೋಡಿ."

ಫೋಟೋ ಬಂತು. ಆ ಹುಡುಗಿಯ ಮೊಬೈಲಿನಲ್ಲಿ ಕಂಡ ಹಾಗೆ: ಮೇಲೆ ಅವಳು, ಲೋಟ ಹಿಡಿದುಕೊಂಡು, ಬಾಯಿ ತೆರೆದುಕೊಂಡು, ಯಾರನ್ನೋ ನೋಡಿ ನಗುತ್ತ. ಕೆಳಗೆ ಚೌಕಗಳು. ಪ್ರತಿ ಚೌಕದ ಮೂಲೆಯಲ್ಲೂ ಒಂದು ಪುಟ್ಟ ಹಳದಿ ಕೈ. ಅಕ್ಷರಗಳಿಗೆ ಕೈ, ಬೈಕಿಗೆ ಕೈ, ಮುಳುಗುವ ಮೂರು ಸೂರ್ಯರಿಗೂ ಕೈ. ಅವಳು ನಗುತ್ತಿದ್ದದ್ದು ಮರವನ್ನು ನೋಡಿ.

ಅಯ್ಯೋ ನನ್ನ ಬುದ್ಧಿಗಿಷ್ಟು. ಮೊದಲ ವಾರ ಯಾರದೋ ಮೈಕಿನಿಂದ ಸಿನಿಮಾ ಹಾಡು ಕೇಳಿತು ಎಂದು ಎಲ್ಲರ ಬಾಯಿಗೂ ಬೀಗ ಹಾಕಬೇಕೆಂದು ಕಾಲೇಜು ಹೇಳಿತ್ತು, ನಿಜ. ಹಾಕಿದವಳು ಅವಳು. ಮಾತಾಡಬೇಕಾದವರು ಕೈ ಎತ್ತಲಿ, ಬೀಗ ತೆಗೆಯುತ್ತೇನೆ ಎಂದು ಹೇಳಿ, ಆ ಕೈಗಳು ಕಾಣುವ ಜಾಗಕ್ಕೇ ಮರ ಅಂಟಿಸಿದವಳೂ ಅವಳೇ. ದಿನದಿನವೂ ಅವರ ಬಾಯಿ ಕಟ್ಟಿ 'ಕೇಳೋದಿದ್ರೆ ಕೇಳಿ' ಎಂದಿದ್ದಳು, ದಿನದಿನವೂ ಅವರನ್ನೇ ದೂರಿದ್ದಳು. ಇದಕ್ಕೆ ಮುಂಚೆ ಎಷ್ಟು ಕೈ ಎದ್ದು ಎಷ್ಟು ಹೊತ್ತು ಕಾದು ಇಳಿದವೋ. ಅವಳ ಬಲತೋಳಿನಲ್ಲಿ ಒಂದು ಹಳೇ ನೋವು ಮರಳಿ ಬಂತು. ಅವಳು ಓದಿದ ಕಾಲೇಜಿನ ಪ್ರಯೋಗಾಲಯ, ಉದ್ದನೆಯ ಕಲ್ಲಿನ ಮೇಜು, ಬೋರ್ಡಿನ ಕಡೆ ತಿರುಗಿ ಚಿತ್ರ ಬರೆಯುತ್ತಿದ್ದ ಪ್ರಾಧ್ಯಾಪಕರು. ಅವರ ಹಿಂದೆ ಯಾರೋ ನಲ್ಲಿ ಬಿಟ್ಟಿದ್ದರು; ತೊಟ್ಟಿ ತುಂಬಿ ನೀರು ನೆಲಕ್ಕಿಳಿದು ಅವರ ಕಡೆಗೇ ಹರಿಯುತ್ತಿತ್ತು. ಕೊನೆಯ ಬೆಂಚಿನಲ್ಲಿದ್ದ ಅವಳು ಕೈ ಎತ್ತಿದಳು. ನಡುವೆ ಬಾಯಿ ಹಾಕಿದರೆ ಅವರಿಗೆ ಆಗುತ್ತಿರಲಿಲ್ಲ, ಕೈಯೇ ಎತ್ತಬೇಕು. ತೋಳು ಸೋತು ಎಡಗೈಯಿಂದ ಮೊಣಕೈಗೆ ಆನಿಸಿ ಹಿಡಿದುಕೊಂಡಳು. ಕೊನೆಗೆ ತಿರುಗಿದ ಅವರು, "ಏನಮ್ಮ, ಬಸ್ ನಿಲ್ಲಿಸ್ತಾ ಇದ್ದೀಯಾ? ಇಳಿಸು ಕೈನ," ಎಂದರು. ಇಡೀ ಪ್ರಯೋಗಾಲಯ ಗೊಳ್ಳೆಂದಿತು. ಅವಳು ಇಳಿಸಿದಳು. ನೀರು ಅವರ ಬೂಟಿನ ಹತ್ತಿರ ಬರುವುದನ್ನು, ಬೂಟು ತೊಯ್ಯುವುದನ್ನು, ಸುಮ್ಮನೆ ನೋಡುತ್ತ ಕೂತಳು. ಆಮೇಲೆ ಅವಳು ಯಾವ ತರಗತಿಯಲ್ಲೂ, ಯಾವ ಮೀಟಿಂಗಿನಲ್ಲೂ ಕೈ ಎತ್ತಲಿಲ್ಲ. 'ಮುಂದಿನದಕ್ಕೆ ನೋಡೋಣ' ಎಂದಾಗಲೆಲ್ಲ 'ಆಗಲಿ ಸಾರ್' ಎಂದದ್ದೂ ಅದೇ ಬಾಯಿ. ಇವತ್ತು 'ಮಾಡಿ ಸಾರ್' ಎಂದದ್ದೂ ಅದೇ.

ಛೀ, ಸಾಕು! ಗಂಟಲು ಸರಿಮಾಡಿಕೊಳ್ಳದೆ, ಏನು ಹೇಳಬೇಕೆಂದು ಮನಸ್ಸಿನಲ್ಲಿ ಹೇಳಿ ನೋಡದೆ, ಫೋನ್ ಮಾಡಿದಳು.

"ಸಾರ್, ಹುಡುಗರದು ತಪ್ಪಿಲ್ಲ. ಎಲ್ಲರೂ ಕೈ ಎತ್ತಿದ್ರು, ನಾನು ನೋಡಲಿಲ್ಲ. ಅವರ ಹಾಜರಿ ಮುಟ್ಟಬೇಡಿ."

ಆ ಕಡೆ ಟೀವಿಯ ಸದ್ದು ಸಣ್ಣದಾಯಿತು. "ಏನಮ್ಮ ಇದು, ಬೆಳಿಗ್ಗೆ ಒಂದು, ಸಂಜೆ ಒಂದು. ಆಫೀಸಿನವರು ಆಗಲೇ ಮೆಸೇಜ್ ಹಾಕಿದ್ದಾರೆ."

"ಇನ್ನೊಂದು ಹಾಕಲಿ. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು ಅಂತ ಹಾಕಲಿ. ಫೋಟೋ ಕಳಿಸಿದ್ದೀನಿ, ನೋಡಿ."

ಅವರು ಫೋನನ್ನು ಕಿವಿಯಿಂದ ತೆಗೆದ ಸದ್ದು ಕೇಳಿತು. ಫೋಟೋ ನೋಡುತ್ತಿದ್ದಿರಬೇಕು. "ಹಾಗಾದ್ರೆ ತಪ್ಪು ನಿಮ್ಮದಾಯ್ತು."

"ಹೌದು, ನನ್ನದೇ."

"ಅಷ್ಟು ಸುಲಭ ಅಲ್ಲಮ್ಮ. ಹುಡುಗರದನ್ನ ಬೇಕಾದ್ರೆ ಬಿಡೋಣ. ಆದ್ರೆ ನಿನ್ನೆ ಮೊನ್ನೆ ಬಂದೋರಲ್ಲ ನೀವು. ಮುಂದಿನ ಅವಧಿಗೆ ಹೇಗೆ ಕರೆಯೋದು ನಿಮ್ಮನ್ನ? ಒಂದು ಕೆಲಸ ಮಾಡಿ. ನೆಟ್ ಕೈಕೊಟ್ಟಿತ್ತು, ಇವತ್ತು ಪಾಠ ನಡೀಲಿಲ್ಲ ಅಂತ ಎರಡು ಸಾಲು ಬರೆದುಕೊಡಿ. ಎಲ್ಲ ಮುಚ್ಚಿಹೋಗತ್ತೆ. ನಿಮಗೂ ಒಳ್ಳೇದು."

ಒಳ್ಳೇ ದಾರಿಯೇ. ನಿನ್ನೆಯ ಅವಳಾಗಿದ್ದರೆ ಕೈಮುಗಿದು ಬರೆದುಕೊಡುತ್ತಿದ್ದಳು. ಇಸ್ತ್ರಿ ಮೇಜಿನ ಮೇಲೆ ಆ ಲೋಟ ಇನ್ನೂ ಅಲ್ಲೇ ಇತ್ತು. ಗಾಜಿಗೆ ಅಂಟಿಕೊಂಡ ಒಂದು ಬೇರು ಬೆಳಿಗ್ಗೆಗಿಂತ ತುಸು ಕೆಳಗೆ ಇಳಿದಿತ್ತೋ, ಅವಳಿಗೆ ಹಾಗೆ ಕಂಡಿತೋ.

"ಇಲ್ಲ ಸಾರ್. ಪಾಠ ನಡೆದಿದೆ."

"ಯಾರಿಗಮ್ಮ ನಡೆದಿದ್ದು? ಒಬ್ಬರಿಗೂ ಕೇಳಿಸಿಲ್ಲ!"

"ಒಬ್ಬರಿಗೆ ಕೇಳಿಸಿದೆ. ನಮ್ಮತ್ತೆಗೆ."

"ಏನು ತಮಾಷೆ ಮಾಡ್ತಿದ್ದೀರಾ?"

"ತಮಾಷೆ ಅಲ್ಲ ಸಾರ್. ಬೇಕಾದ್ರೆ ಪ್ರಶ್ನೆ ಕೇಳಿ, ಉತ್ತರ ಹೇಳ್ತಾರೆ. ಆರು ವರ್ಷದಲ್ಲಿ ನಾನು ಮಾಡಿದ ಒಳ್ಳೇ ಪಾಠ ಅದು. ಅದು ನಡೀಲೇ ಇಲ್ಲ ಅಂತ ನನ್ನ ಕೈಯಾರೆ ನಾನು ಬರೆಯಲ್ಲ. ಹುಡುಗರಿಗೆ ನಾಳೆ ಇನ್ನೊಂದು ಸಲ ಮಾಡ್ತೀನಿ."

"ನಾಳೆ ನಾನೂ ಕೂತ್ಕೋತೀನಿ," ಎಂದರು ಮುಖ್ಯಸ್ಥರು. ಅದು ಬೆದರಿಕೆ ಎಂದು ಅರ್ಥವಾಗುವ ಹಾಗೆಯೇ ಹೇಳಿದರು. ಅವಳು ಫೋನ್ ಇಟ್ಟಳು. ಕೆಲಸ ಹೋಯಿತೆಂದೇ ಲೆಕ್ಕ. ಕೆಲಸ ಮುಗಿಸಿ ಬಂದ ಗಂಡ ಎಲ್ಲ ಕೇಳಿ, "ಸ್ವಲ್ಪ ನಯವಾಗಿ ಹೇಳಬಹುದಿತ್ತೇನೋ," ಎಂದ. ಅತ್ತೆ ಒಳಗಿನಿಂದ, "ನಯವಾಗಿ ಹೇಳಿ ಹೇಳಿಯೇ ಹೀಗಾಗಿರೋದು, ನೀನು ಊಟ ಮಾಡು," ಎಂದರು.

ಮರುದಿನ ಅವಳು ಮೊದಲು ಮಾಡಿದ ಕೆಲಸ, ಆ ಮರದ ಪಟ್ಟಿಯನ್ನು ಕಿತ್ತದ್ದು. ಟೇಪಿನ ಅಂಟು ಸ್ಕ್ರೀನಿನ ಮೇಲೆ ಗೆರೆಯಾಗಿ ಉಳಿಯಿತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಚೌಕಗಳು ಒಂದೊಂದಾಗಿ ಬಂದವು. ಬೆಕ್ಕು ಬಂತು, ಬೈಕು ಬಂತು, ಸೂರ್ಯರು ಬಂದರು. ಎಲ್ಲರಿಗಿಂತ ಮೇಲೆ ಮುಖ್ಯಸ್ಥರ ಚೌಕ, ಕೋಟು ಹಾಕಿ ತೆಗೆಸಿಕೊಂಡ ಫೋಟೋ. ಅವಳು ಮೈಕ್ ನೋಡಿಕೊಂಡಳು. ಇನ್ನೊಂದು ಸಲ ನೋಡಿಕೊಂಡಳು. ತೆರೆದಿತ್ತು.

"ನಿನ್ನೆ ನಿಮಗೆ ಪಾಠ ಕೇಳಿಸಲಿಲ್ಲ. ಅದು ನನ್ನ ತಪ್ಪು. ನೀವು ಕೈ ಎತ್ತಿದ್ರಿ, ನಾನು ಸ್ಕ್ರೀನಿನ ಮೇಲೆ ಕಾಗದ ಅಂಟಿಸಿಕೊಂಡು ಕೂತಿದ್ದೆ. ಅದೂ ನನ್ನ ತಪ್ಪೇ. ಅದರ ಮೇಲೆ ನಿಮ್ಮ ಮೇಲೇ ದೂರು ಕೊಟ್ಟೆ, ಅದನ್ನ ವಾಪಸ್ ತಗೊಂಡಿದ್ದೀನಿ. ಇನ್ನು ಮೇಲೆ ಕೈ ಎತ್ತಬೇಡಿ. ಬಾಯಿ ಬಿಟ್ಟು ಕೇಳಿ." ಬೀಗ ತೆಗೆಯುವ ಗುಂಡಿ ಒತ್ತಿದಳು. ಆಮೇಲೆ ಒಂದು ಮೈಕು, ಎರಡು ಮೈಕು, ಆಮೇಲೆ ಸಾಲುಸಾಲಾಗಿ ತೆರೆದುಕೊಂಡವು. ಅಬ್ಬಬ್ಬಾ, ಏನು ಗದ್ದಲ! ಎಲ್ಲೋ ಮಗು ಅಳುತ್ತಿತ್ತು, ಎಲ್ಲೋ ಹೊಲಿಗೆ ಯಂತ್ರ ಓಡುತ್ತಿತ್ತು, ಬಸ್ಸಿನ ಹಾರನ್ನು, ಸುತ್ತಿಗೆ ಪೆಟ್ಟು, "ಬೆಳಬೆಳಿಗ್ಗೆ ಫೋನ್ ಹಿಡ್ಕೊಂಡು ಕೂತ್ಯಲ್ಲ, ಅಂಗಡಿ ಬಾಗಿಲು ಯಾರು ತೆಗೀತಾರೆ" ಎಂದು ಯಾರದೋ ಅಪ್ಪ, "ಪಾಠ ನಡೀತಿದೆ ಅಪ್ಪ, ಸುಮ್ನಿರು" ಎಂದು ಯಾರದೋ ಮಗ. ಹೊದ್ದು ಮಲಗಿದ್ದಾರೆ ಎಂದುಕೊಂಡಿದ್ದಳಲ್ಲ. ಒಬ್ಬರೂ ಮಲಗಿರಲಿಲ್ಲ. ಇವರೆಲ್ಲ ಇಷ್ಟು ದಿನ ಈ ಸದ್ದುಗಳ ನಡುವೆ ಕೂತು ಅವಳ ಮಾತು ಹಿಡಿಯಲು ನೋಡಿದ್ದರು.

ಸ್ಕ್ರೀನಿನ ಮೇಲೆ ಮುಖ್ಯಸ್ಥರ ಸಂದೇಶ ಬಂತು: ಎಲ್ಲರ ಮೈಕ್ ಕೂಡಲೇ ಬಂದ್ ಮಾಡಿ. ಅವಳು ಲೋಟ ಎತ್ತಿಕೊಂಡು ಬೇರು ತೋರಿಸತೊಡಗಿದಳು. ಮತ್ತೆ ಬಂತು: ಇದು ತರಗತಿಯೋ ಸಂತೆಯೋ? ಮಗು, ಯಂತ್ರ, ಸುತ್ತಿಗೆ ಎಲ್ಲದರ ಮೇಲೆ ಕೇಳುವ ಹಾಗೆ ಅವಳು ದನಿ ಏರಿಸಿದಳು. ಮೂರನೆಯದು ಬಂದಾಗ, ಕಿತ್ತಿಟ್ಟಿದ್ದ ಮರದ ಪಟ್ಟಿಯಿಂದ ಅಂಚೆಚೀಟಿಯಷ್ಟು ಎಲೆ ಭಾಗ ಹರಿದು, ಅದಕ್ಕೆ ಅಂಟಿಕೊಂಡಿದ್ದ ಹಳೇ ಟೇಪಿನಿಂದಲೇ, ಆ ಕೋಟಿನ ಫೋಟೋದ ಮೇಲೆ ಸರಿಯಾಗಿ ಅಂಟಿಸಿದಳು. ಹೆಬ್ಬೆರಳಿನಿಂದ ಒತ್ತಿದಳು ಕೂಡ. ಆಹಾ, ಎಷ್ಟು ಹಗುರಾಯಿತು!

"ಮೇಡಂ," ಎಂದಿತು ಬೈಕಿನ ಚೌಕ. ಹುಡುಗನೆಂದೇ ಅಂದುಕೊಂಡಿದ್ದಳು ಇಷ್ಟು ದಿನ; ದನಿ ನಡುವಯಸ್ಸಿನ ಗಂಡಸಿನದು, ಸುತ್ತಿಗೆಯ ಸದ್ದು ಅವನ ಕಡೆಯಿಂದಲೇ ಬರುತ್ತಿತ್ತು. "ಆ ಟೋಪಿ ಮಣ್ಣಿಗೆ ಉಜ್ಜಿ ಉಜ್ಜಿ ಸವೆದುಹೋಗಲ್ವಾ?"

"ಸವೆಯತ್ತೆ," ಎಂದಳು. ಆರು ವರ್ಷದಲ್ಲಿ ತರಗತಿಯಿಂದ ಅವಳಿಗೆ ಬಂದ ಮೊದಲ ಪ್ರಶ್ನೆ ಅದು. "ದಿನಾ ಸವೆಯತ್ತೆ. ಒಳಗಿಂದ ಹೊಸದು ಬರ್ತಾನೇ ಇರತ್ತೆ. ಅದಕ್ಕೇ ಅದು ನಿಲ್ಲಲ್ಲ."

"ಅದನ್ನ ಪರೀಕ್ಷೇಲಿ ಕೇಳ್ತಾರಾ ಮೇಡಂ?" ಎಂದು ಬೆಕ್ಕು. ಯಾರೋ ನಕ್ಕರು. ಅವಳೂ ನಕ್ಕಳು. ಆಗ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು, ಬೆಡ್‌ಶೀಟಿನ ಅಂಚಿನಲ್ಲಿ, ಕ್ಯಾಮೆರಾಕ್ಕೆ ಬೀಳದ ಹಾಗೆ ಒಂದು ಕಡೆ ಸರಿದು ನಿಂತು. ಕೈಯಲ್ಲಿ ಕುಕ್ಕರಿನ ವೇಟು. ಮಾತಿಲ್ಲದೆ ಅದನ್ನು ಎತ್ತಿ ತೋರಿಸಿ, ಹುಬ್ಬು ಏರಿಸಿ, ಹಾಕಲೋ ಬೇಡವೋ ಎಂದು ಕೇಳಿದರು.

"ಹಾಕಿ ಅತ್ತೆ," ಎಂದು ಅವಳು ಮೈಕ್ ತೆರೆದೇ ಇದ್ದಾಗ ಕೂಗಿ ಹೇಳಿದಳು, "ಕೂಗಲಿ!"